ತಮ್ಮನಿಗೆ ಹಗ್ಗ ಕೇಳಿದವಳು

ಹನುಮವ್ವ ಈಶ್ವರನನ್ನು ಹೆತ್ತಿರಲಿಲ್ಲ, ಅಷ್ಟೇ. ಉಳಿದದ್ದನ್ನೆಲ್ಲ ಅವಳೇ ಮಾಡಿದ್ದಳು. ಯಾದಗಿರಿ ಕಡೆಯ ಊರಿನಲ್ಲಿ ತಾಯಿ ತೀರಿಕೊಂಡಾಗ ತಮ್ಮನಿಗೆ ಇನ್ನೂ ಮಾತು ಸರಿಯಾಗಿ ತಿರುಗುತ್ತಿರಲಿಲ್ಲ. ಅಪ್ಪ ಮರುವರ್ಷವೇ ಇನ್ನೊಬ್ಬಳನ್ನು ತಂದ. ಬಂದವಳಿಗೆ ಈ ಕೂಸು ಬೇಡವಾಗಿತ್ತು. ಹಾಗಾಗಿ ಹನುಮವ್ವ ಬಂಡೆಪ್ಪನನ್ನು ಮದುವೆಯಾಗಿ ಮುಂಬಯಿಗೆ ಹೊರಟಾಗ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ರೈಲು ಹತ್ತಿದಳು. ಹೊಸ ಗಂಡ ಏನಾದರೂ ಅಂದಾನೆಂದು ದಾರಿಯುದ್ದಕ್ಕೂ ಹೆದರಿದ್ದಳು. ಬಂಡೆಪ್ಪ ಏನೂ ಅನ್ನಲಿಲ್ಲ. ಸೊಲ್ಲಾಪುರ ದಾಟಿದ ಮೇಲೆ ಹುಡುಗನನ್ನು ಅವಳ ತೊಡೆಯಿಂದ ತನ್ನ ತೊಡೆಗೆ ಎಳೆದುಕೊಂಡು, ನೀನು ಸ್ವಲ್ಪ ಮಲಗು ಎಂದ.

ಗೋರೆಗಾಂವ್‌ನ ಪೂರ್ವಕ್ಕೆ ಆಗ ಕಾಲನಿಗಳು ಒಂದರ ಹಿಂದೊಂದು ಏಳುತ್ತಿದ್ದವು. ಗಂಡ ಹೆಂಡತಿ ಇಬ್ಬರೂ ಅಲ್ಲಿ ಮರಳು, ಸಿಮೆಂಟು ಹೊತ್ತರು. ಗುಡ್ಡದ ಇಳಿಜಾರಿನ ಜೋಪಡಿಗಳ ವಸ್ತಿಯಲ್ಲಿ ಒಂದೇ ಕೋಣೆಯ ಖೋಲಿ ಮಾಡಿಕೊಂಡರು. ಮಗಳು ನಾಗರತ್ನಾ ಹುಟ್ಟಿದ್ದು ಅದೇ ಖೋಲಿಯಲ್ಲಿ. ಹನುಮವ್ವ ಕೆಲಸಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳುತ್ತಿದ್ದವನು ಈಶ್ವರ. ಹೆಗಲ ಮೇಲೆ ಕೂರಿಸಿಕೊಂಡು ವಸ್ತಿಯೆಲ್ಲ ಸುತ್ತಿಸುತ್ತಿದ್ದ, ಜಡೆ ಹಾಕುತ್ತಿದ್ದ, ಮುನಸಿಪಾಲ್ಟಿ ಶಾಲೆಗೆ ಬಿಟ್ಟು ಬರುತ್ತಿದ್ದ. ದೊಡ್ಡವನಾದ ಮೇಲೆ ಬಿಲ್ಡಿಂಗುಗಳ ಹೊರಗೋಡೆಗೆ ಬಣ್ಣ ಬಳಿಯುವ ಕೆಲಸ ಕಲಿತ. ಸಂಜೆ ಮೂಗು, ರೆಪ್ಪೆಗಳಿಗೆಲ್ಲ ಬಣ್ಣದ ಹನಿ ಅಂಟಿಸಿಕೊಂಡು ಬಂದರೆ ನಾಗರತ್ನಾ ನೋಡಿ ನೋಡಿ ನಗುತ್ತಿದ್ದಳು.

ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ಅವರಲ್ಲಿ ಹೊಸದಲ್ಲ. ಮಗಳು ಕಣ್ಣೆದುರಿಗೇ ಇರುತ್ತಾಳೆ, ತಮ್ಮನೂ ಕೈಬಿಟ್ಟು ಹೋಗುವುದಿಲ್ಲ ಎಂದು ಹನುಮವ್ವನೇ ಮಾತು ಎತ್ತಿದಳು. ನಾಗರತ್ನಾ ಮಾತ್ರ ಒಂದು ಸಲ, ಈಶ್ವರ ಮಾವ ಅಂದರೆ ತನಗೆ ಅಣ್ಣ ಇದ್ದ ಹಾಗೆ, ಹೇಗೆ ಆಗುತ್ತದೆ ಎಂದಿದ್ದಳು. ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ತಾಯಿ ಬಾಯಿ ಮುಚ್ಚಿಸಿದಳು. ಸರಿಯೂ ಹೋಯಿತು. ಶಿವಕುಮಾರಿ ಹುಟ್ಟಿದಳು. ಬಂಡೆಪ್ಪ ಸಿಮೆಂಟಿನ ಧೂಳು ಎದೆಗೆ ತುಂಬಿಕೊಂಡು ತೀರಿಹೋದ. ಹನುಮವ್ವನ ಬೆನ್ನು ಭಾರ ಹೊರಲಾರದೆ ಹೋದಾಗ ಅವಳು ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿದಳು. ದಿನಾ ಬೆಳಿಗ್ಗೆ ಲೋಕಲ್ ಹಿಡಿದು ಹೋಗುವುದು, ಸಂಜೆಗೆ ಬರುವುದು.

ಎರಡನೆಯ ಕೂಸು ಅನಿಲ ನಾಗರತ್ನಾಳ ಹೊಟ್ಟೆಯಲ್ಲಿದ್ದಾಗ ಈಶ್ವರ ಪರಾಂಚಿಯಿಂದ ಬಿದ್ದ. ಬಿದಿರು ಕಟ್ಟಿದ ಆ ಅಟ್ಟಣೆ ಒಂದು ಕಡೆ ಜಾರಿ, ಎರಡು ಮಾಳಿಗೆಯ ಎತ್ತರದಿಂದ ಬಿದ್ದು ಮರಳ ರಾಶಿಯ ಅಂಚಿನ ಕಲ್ಲಿಗೆ ತಲೆ ಹೊಡೆದುಕೊಂಡ. ಬದುಕಿದ್ದೇ ಪುಣ್ಯ ಎಂದರು. ಆಮೇಲೆ ಅವನು ಎತ್ತರಕ್ಕೆ ಹತ್ತಲಿಲ್ಲ. ತಲೆ ಹಿಡಿದುಕೊಂಡು ದಿನವೆಲ್ಲ ಕೂರುತ್ತಿದ್ದ. ಕುಡಿಯಲು ಶುರುಮಾಡಿದ. ನಾಗರತ್ನಾ ಒಂದು ಆಫೀಸಿನಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸ ಹಿಡಿದಾಗ ಮನೆ ನಡೆಯಿತು, ಆದರೆ ಅವನ ತಲೆ ಕೆಟ್ಟಿತು. ಯಾರ ಫೋನು, ಇವತ್ತು ತಡ ಯಾಕೆ, ಆ ಸೂಪರ್‌ವೈಜರ್ ನಿನಗೇನಾಗಬೇಕು, ದಿನಾ ಇದೇ. ಹೊಡೆದ ಗುರುತು ಮಗಳ ಮುಖದ ಮೇಲೆ ಕಂಡಾಗ ಹನುಮವ್ವ ತಮ್ಮನನ್ನು ಬೈದಳು, ಒಂದು ಸಲ ಕೈಯನ್ನೂ ಎತ್ತಿದಳು. ಅವನು ಅಕ್ಕನ ಕಾಲು ಹಿಡಿದು ಅತ್ತ. ಅವಳು ನಂಬಿದಳು.

ಅನಿಲನಿಗೆ ಜ್ವರ ಬಂದು ನಾಗರತ್ನಾ ರಜೆ ಹಾಕಿದ್ದ ದಿನ. ಈಶ್ವರ ಮಧ್ಯಾಹ್ನವೇ ಕುಡಿದು ಬಂದು ಒಳಗಿನಿಂದ ಬಾಗಿಲು ಹಾಕಿಕೊಂಡ. ಖಾರ ಅರೆಯುವ ಗುಂಡುಕಲ್ಲು ಅವನ ಕೈಗೆ ಸಿಕ್ಕಿತ್ತು. ಎದ್ದು ಅಳತೊಡಗಿದ ಕೂಸನ್ನೂ ಅವನು ಬಿಡಲಿಲ್ಲ. ಆಮೇಲೆ ಕೊಡದ ನೀರಿನಲ್ಲಿ ಕೈ ತೊಳೆದುಕೊಂಡು, ಬಾಗಿಲು ಮುಂದೆ ಮಾಡಿ, ನಡೆದುಕೊಂಡೇ ಪೊಲೀಸ್ ಚೌಕಿಗೆ ಹೋಗಿ ಬೆಂಚಿನ ಮೇಲೆ ಕೂತ. ಅವನು ಹೇಳಿದ್ದನ್ನು ಪೊಲೀಸರು ನಂಬಿ ಹೊರಡುವಷ್ಟರಲ್ಲಿ ಶಿವಕುಮಾರಿ ಶಾಲೆಯಿಂದ ಬಂದು ಬಾಗಿಲು ದೂಡಿದ್ದಳು.

ಹನುಮವ್ವ ಬರುವ ಹೊತ್ತಿಗೆ ವಸ್ತಿಯ ತುಂಬ ಜನ. ಪಕ್ಕದ ಖೋಲಿಯ ರುದ್ರವ್ವ ಹುಡುಗಿಯನ್ನು ಸೆರಗಿನೊಳಗೆ ಅವುಚಿಕೊಂಡು ನಿಂತಿದ್ದಳು. ಹುಡುಗಿ ಅಳುತ್ತಿರಲಿಲ್ಲ. ಬಹಳ ದಿನ ಅವಳು ಅಳಲೇ ಇಲ್ಲ.

ಕೇಸು ವರ್ಷಗಟ್ಟಲೆ ನಡೆಯಿತು. ಸತ್ತವಳ ತಾಯಿಯೂ ಅವಳೇ, ಕೊಂದವನ ಅಕ್ಕನೂ ಅವಳೇ ಎಂದು ತಿಳಿದಾಗ ಸೆಷನ್ಸ್ ಕೋರ್ಟಿನ ಜಡ್ಜ್ ಪೆನ್ನು ಕೆಳಗಿಟ್ಟು ಅವಳನ್ನು ಒಮ್ಮೆ ನೋಡಿದರು. ಕಟಕಟೆಯಲ್ಲಿದ್ದ ಈಶ್ವರ ತಲೆ ಎತ್ತಲಿಲ್ಲ. ಕೊನೆಗೆ ನಿನಗೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಹನುಮವ್ವ ಕನ್ನಡದಲ್ಲೇ ಹೇಳಿದಳು, ಒಬ್ಬರು ಅದನ್ನು ಮರಾಠಿಗೆ ಮಾಡಿದರು.

"ಇವ ನನ್ನ ಕೈಯಾಗ ಬೆಳದಾನ್ರಿ. ನಾನೇ ಹೇಳಾಕತ್ತೀನಿ. ಇವಗ ಹಗ್ಗ ಹಾಕ್ರಿ."

ಗಲ್ಲು ಶಿಕ್ಷೆ ಆಯಿತು. ವಸ್ತಿಯಲ್ಲಿ ಯಾರೋ ಪಟಾಕಿ ಹೊಡೆದರು. ಟಿವಿಯವರು ಬಂದು ಅವಳ ಮುಖದ ಮುಂದೆ ಮೈಕು ಹಿಡಿದರು. ಹೋಟೆಲಿನ ಯಜಮಾನ ಸದಾನಂದ, ಕುಂದಾಪುರದ ಕಡೆಯವರು, ಎರಡು ದಿನ ರಜೆ ತೆಗೆದುಕೋ ಎಂದರು. ಅಂಥವನನ್ನು ಜೈಲಿನಲ್ಲಿಟ್ಟು ಮೂರು ಹೊತ್ತು ಊಟ ಹಾಕುವುದು ಸತ್ತವರಿಗೆ ಮಾಡುವ ಅವಮಾನ ಎಂಬುದು ಅವರ ಖಚಿತ ಅಭಿಪ್ರಾಯ. ಹನುಮವ್ವ ತಲೆಯಾಡಿಸಿದಳು. ಇನ್ನು ನೆಮ್ಮದಿ ಬರುತ್ತದೆ ಎಂದುಕೊಂಡಳು. ಮನೆಗೆ ಹೋಗಿ ಅನ್ನ ಕಲಸಿದವಳು ತಟ್ಟೆಯನ್ನು ಹಾಗೇ ಮುಚ್ಚಿಟ್ಟಳು. ನಾಳೆ ಬಂದೀತು ಎಂದುಕೊಂಡಳು.

ಆದರೆ ಒಂದು ಕೋರ್ಟು ಗಲ್ಲು ಎಂದರೆ ಮುಗಿಯುವುದಿಲ್ಲ, ಹೈಕೋರ್ಟು ಅದಕ್ಕೆ ಹೂಂ ಅನ್ನಬೇಕು ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಈಶ್ವರನನ್ನು ಪುಣೆಯ ಜೈಲಿಗೆ ಒಯ್ದರು. ಅಜ್ಜಿ ಮೊಮ್ಮಗಳು ಆ ಖೋಲಿ ಬಿಟ್ಟು ಅದೇ ವಸ್ತಿಯ ಇನ್ನೊಂದು ಓಣಿಗೆ ಹೋದರು. ಶಿವಕುಮಾರಿ ಮಾತಾಡಿದರೆ ಹಿಂದಿಯಲ್ಲೇ ಮಾತಾಡುತ್ತಿದ್ದಳು. ಮನೆಯ ಮಾತು ಅವಳಿಗೆ ತಿಳಿಯುತ್ತಿತ್ತು, ಬಾಯಿಗೆ ತರುತ್ತಿರಲಿಲ್ಲ. ಅಮ್ಮನ ಹೆಸರನ್ನಂತೂ ಎತ್ತುತ್ತಲೇ ಇರಲಿಲ್ಲ.

ಅವಳು ಜೂನಿಯರ್ ಕಾಲೇಜಿಗೆ ಹೋಗುವ ಹೊತ್ತಿಗೆ ಒಂದು ದಿನ ಹೋಟೆಲಿನ ಹಿಂಬಾಗಿಲಿಗೆ ಒಬ್ಬ ಹುಡುಗಿ ಬಂದಳು. ಬಿಳಿ ಕುರ್ತಾ, ಬೆನ್ನಿಗೆ ಚೀಲ. ಹೆಸರು ಯಕ್ಷಿತಾ, ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಂಗಳೂರು ಕಡೆಯವಳು, ಹೈಕೋರ್ಟಿನಲ್ಲಿ ಈಶ್ವರನ ಪರ ನಿಂತ ಹಿರಿಯ ವಕೀಲರ ಕೈಕೆಳಗೆ ಕೆಲಸ ಮಾಡುತ್ತಿದ್ದಳು. ಈಶ್ವರ ಹೇಗೆ ಬೆಳೆದ, ಏನು ಕಂಡ, ಬಿದ್ದ ಮೇಲೆ ಏನಾದ ಎಂಬುದು ಕೆಳಗಿನ ಕೋರ್ಟಿನಲ್ಲಿ ಬರಲೇ ಇಲ್ಲ, ಅದನ್ನು ತಿಳಿಯದೆ ಗಲ್ಲಿಗೆ ಹೂಂ ಎನ್ನಲಾಗುವುದಿಲ್ಲ ಎಂದು ಹೈಕೋರ್ಟು ಹೇಳಿತ್ತು. ಅದನ್ನು ಹೇಳಬಲ್ಲವರು ಲೋಕದಲ್ಲಿ ಒಬ್ಬರೇ ಇದ್ದರು.

ಹನುಮವ್ವ ಹೆಚ್ಚುತ್ತಿದ್ದ ಎಲೆಕೋಸಿನಿಂದ ಕಣ್ಣೆತ್ತಲಿಲ್ಲ. ನನ್ನ ಮಗಳನ್ನು ಕೊಂದವನ ವಕೀಲರಿಗೆ ನನ್ನ ಹತ್ತಿರ ಮಾತಿಲ್ಲ ಎಂದಳು. ಒಳಗಿನಿಂದ ಸದಾನಂದ ಬಂದು, ಹೀಗೆ ಹೆತ್ತವಳ ಹೊಟ್ಟೆ ಉರಿಸಲು ಬರಬೇಡಿ ಎಂದು ಆ ಹುಡುಗಿಯನ್ನು ಕಳಿಸಿಬಿಟ್ಟರು.

ಅವಳು ಮತ್ತೆ ಬಂದಳು. ಈ ಸಲ ಮಾಟುಂಗ ರೋಡ್ ಸ್ಟೇಷನ್ನಿನ ಬೆಂಚಿನ ಮೇಲೆ ಕಾದಿದ್ದಳು. ಒತ್ತಾಯ ಮಾಡಲಿಲ್ಲ. ಹನುಮವ್ವನೇ ಒಂದು ಗಾಡಿ ಹೋಗಗೊಟ್ಟು, ನಿಂತುಕೊಂಡೇ ಕೇಳಿದಳು. ಹಗ್ಗ ತಪ್ಪಿದರೆ ಅವನಿಗೇನಾಗುತ್ತದೆ? ಬಿಡುತ್ತಾರಾ?

"ಇಲ್ಲ ಅಜ್ಜಿ, ಬಿಡುವುದಿಲ್ಲ," ಎಂದಳು ಯಕ್ಷಿತಾ, ಕನ್ನಡವನ್ನು ತಡವರಿಸಿ ಹುಡುಕುತ್ತ. "ಉಸಿರು ಇರೋ ತನಕ ಒಳಗೇ. ಅಲ್ಲೇ ಮುದುಕ ಆಗ್ತಾರೆ. ಅಲ್ಲೇ ಸಾಯ್ತಾರೆ. ನಾನು ನಿಮಗೆ ಸುಳ್ಳು ಹೇಳುವುದಿಲ್ಲ, ಅದು ಸಣ್ಣ ಶಿಕ್ಷೆ ಅಲ್ಲ."

ಮನೆಯಲ್ಲಿ ಹನುಮವ್ವ ಮೊಮ್ಮಗಳ ಮುಂದೆ ಈ ಮಾತು ಇಟ್ಟಳು. ಅವನ ಹೆಸರು ಆ ಮನೆಯಲ್ಲಿ ಬಂದು ವರ್ಷಗಳಾಗಿದ್ದವು. ಶಿವಕುಮಾರಿ ಬಟ್ಟೆ ಮಡಚುತ್ತಿದ್ದಳು, ಮಡಚುತ್ತಲೇ ಇದ್ದಳು. ಅವನಿಗೆ ಗಲ್ಲಾದರೂ ಒಂದೇ, ಜೈಲಾದರೂ ಒಂದೇ, ತನ್ನನ್ನು ಕಂಡರೆ ಜನ ಪಿಸುಗುಟ್ಟುವುದು ನಿಲ್ಲುವುದಿಲ್ಲ ಎಂದಳು. ಕೊನೆಯ ಬಟ್ಟೆಯನ್ನೂ ಮಡಚಿಟ್ಟು, ಅಪರೂಪಕ್ಕೆ ಹಿಂದಿ ಬೆರೆತ ಕನ್ನಡದಲ್ಲಿ ಹೇಳಿದಳು.

"ನಂಗ್ ಒಂದ್ ಬಾತ್ ಕೇಳೂದು ಅದ ಅವ್ರಿಗೆ. ಅಮ್ಮೀ ಲಾಸ್ಟ್‌ಗೆ ಏನ್ ಅಂದ್ಳು? ಅದು ಅವ್ರಿಗೇ ಗೊತ್ತು. ಅವ್ರು ಹೋದ್ರೆ ಅದೂ ಹೋಗ್ತದ."

ಹನುಮವ್ವ ಏನು ಮಾಡಬೇಕೆಂದು ತಿಳಿಯದೆ ಪುಣೆಗೆ ಹೋದಳು. ಜೈಲಿನಲ್ಲಿ ಅವನನ್ನು ಕಾಣುವ ಮುಲಾಖತ್ತು ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಗಾಜಿನ ಆಚೆ ಬಂದು ಕೂತವನನ್ನು ಅವಳು ಕ್ಷಣಕಾಲ ಗುರುತಿಸಲಿಲ್ಲ. ತಲೆ ಬೋಳಾಗಿತ್ತು, ಮುಂದಿನ ಹಲ್ಲು ಬಿದ್ದಿದ್ದವು, ಅವರ ಅಪ್ಪ ಬಂದು ಕೂತ ಹಾಗಿತ್ತು. ಮಾತಾಡಲು ಇಟ್ಟಿದ್ದ ಫೋನನ್ನು ಇಬ್ಬರೂ ಕಿವಿಗೆ ಹಿಡಿದರು. ಉಗಿಯಬೇಕೆಂದು ಬಂದಿದ್ದಳು. ಉಗುಳು ಬಾಯಲ್ಲಿ ಒಣಗಿತ್ತು.

"ಅಕ್ಕಾ, ಆ ವಕೀಲಬಾಯಿ ನಿನ್ನ ಕಡಿ ಬರ್ತಾಳ," ಎಂದ ಈಶ್ವರ. "ಏನೂ ಹೇಳಬ್ಯಾಡ. ನಾ ಅಪೀಲಿಗೆ ಸಹಿ ಮಾಡಂಗಿಲ್ಲ ಅಂದಿದ್ದೆ, ಅವ್ರು ಕೇಳಲಿಲ್ಲ. ನೀ ಕೋರ್ಟಿನ್ಯಾಗ ಕೇಳಿದ್ದೇ ಖರೆ. ನನ್ನ ಹೋಗಗೊಡು."

"ಹೋಗಿ?" ಎಂದಳು.

"ಕಣ್ಣ ಮುಚ್ಚಿದ್ರ ಅನಿಲ ಅಳ್ತಾನ. ಅದು ನಿಂತರ ಸಾಕಾಗ್ಯದ."

ಅವಳಿಗೆ ಅವನ ಮೇಲೆ ಅಯ್ಯೋ ಅನ್ನಿಸಿತು, ಮರುಗಳಿಗೆಗೇ ಮೈಯೆಲ್ಲ ಉರಿಯಿತು. ಅನಿಲನ ಅಳು ತನಗೆ ಕೇಳುವುದಿಲ್ಲವೇ? ಕೇಳಲು ತಾನು ಅಲ್ಲಿ ಇರಲೂ ಇಲ್ಲ. ಆದರೂ ಮಾಟುಂಗದ ಅಡಿಗೆಮನೆಯಲ್ಲಿ, ಲೋಕಲ್‌ನ ಗದ್ದಲದಲ್ಲಿ ಅದು ಕೇಳುತ್ತದೆ. ಅದು ನಿಲ್ಲಲಿ ಎಂದು ಅವಳು ಯಾವ ಸರ್ಕಾರದ ಮುಂದೆ ಹೋಗಿ ಬೇಡಬೇಕು? ಇವನು ಒಂದು ಮುಂಜಾನೆ ಎದ್ದು ನಡೆದು ಹೋಗಿ ಮುಗಿಸಿಕೊಳ್ಳುತ್ತಾನಂತೆ. ಉಳಿದವರು?

ಫೋನು ಇಟ್ಟು ಎದ್ದುಬಂದಳು. ವಾಪಸಿನ ರೈಲಿನಲ್ಲಿ ಘಾಟಿನ ಸುರಂಗಗಳು ಒಂದಾದ ಮೇಲೊಂದು ಬಂದಾಗ, ತಾನು ನಿರ್ಧಾರ ಮಾಡಿ ಆಗಿದೆ ಎಂದು ಅವಳಿಗೆ ಗೊತ್ತಾಯಿತು. ಅದು ಕರುಣೆಯೋ ಸಿಟ್ಟೋ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಯಕ್ಷಿತಾಳನ್ನು ಮನೆಗೇ ಕರೆಸಿಕೊಂಡಳು. ಚಾಪೆಯ ಮೇಲೆ ಕೂತು ಮೊದಲಿನಿಂದ ಹೇಳಿದಳು. ಮಲತಾಯಿ ಕೂಸನ್ನು ದನದ ಕೊಟ್ಟಿಗೆಯಲ್ಲಿ ಕಟ್ಟಿಹಾಕುತ್ತಿದ್ದದ್ದು, ಸಿಮೆಂಟಿನ ಚೀಲಗಳ ನಡುವೆ ಅವನು ಮಲಗುತ್ತಿದ್ದದ್ದು, ಬಂಡೆಪ್ಪನ ಹೆಣಕ್ಕೆ ಮಗನ ಹಾಗೆ ಬೆಂಕಿ ಇಟ್ಟದ್ದು. ಬಿದ್ದ ಮೇಲೆ ತಲೆಯ ಫೋಟೋ ತೆಗೆಸಿ ಎಂದು ಆಸ್ಪತ್ರೆಯವರು ಹೇಳಿದ್ದು, ಇವರು ತೆಗೆಸದೇ ಇದ್ದದ್ದು. ಮಗಳ ಮೈಮೇಲಿನ ಬಾಸುಂಡೆಗಳನ್ನೂ ಹೇಳಿದಳು, ತಾನು ನೋಡಿಯೂ ಅವಳನ್ನು ಅದೇ ಮನೆಯಲ್ಲಿ ಬಿಟ್ಟದ್ದನ್ನೂ ಹೇಳಿದಳು. ಯಾವುದನ್ನೂ ಮುಚ್ಚಿಡಲಿಲ್ಲ, ಯಾವುದಕ್ಕೂ ಬಣ್ಣ ಹಚ್ಚಲಿಲ್ಲ. ಯಕ್ಷಿತಾ ಎದ್ದು ಚೀಲ ಹಾಕಿಕೊಂಡಾಗ ಬಾಗಿಲಲ್ಲಿ ನಿಲ್ಲಿಸಿದಳು.

"ಇದೂ ಬರ್ಕೊ ತಂಗಿ. ನಾ ಅವಗ ಮಾಫಿ ಮಾಡಿಲ್ಲ."

ಹೈಕೋರ್ಟಿನ ತೀರ್ಪು ಮಳೆಗಾಲದಲ್ಲಿ ಬಂತು. ಗಲ್ಲು ರದ್ದಾಗಿ ಜೀವ ಇರುವವರೆಗೂ ಜೈಲು, ನಡುವೆ ಬಿಡುಗಡೆಯಿಲ್ಲ. ಟಿವಿಯವರು ಈ ಸಲ ಬರಲಿಲ್ಲ, ವಸ್ತಿಗೆ ಸುದ್ದಿ ಮಾತ್ರ ಬಂತು. ಹೆತ್ತ ಮಗಳಿಗಿಂತ ತವರಿನ ರಕ್ತ ಹೆಚ್ಚಾಯಿತು ನೋಡು ಎಂದು ನಲ್ಲಿಯ ಹತ್ತಿರ ಹೆಂಗಸರು ಆಡಿಕೊಂಡರು. ಅಂದು ಶಿವಕುಮಾರಿಯನ್ನು ಸೆರಗಿನಲ್ಲಿ ಅವುಚಿಕೊಂಡಿದ್ದ ರುದ್ರವ್ವ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟಳು. ಎದುರಿಗೆ ಬಂದರೆ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದಳು. ಅದು ಹನುಮವ್ವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಸದಾನಂದ ಕೆಲವು ದಿನ ಬಿಗಿದುಕೊಂಡೇ ಇದ್ದರು. ಒಂದು ಮಧ್ಯಾಹ್ನ ಗಿರಾಕಿಗಳು ತೆಳುವಾದ ಮೇಲೆ ಗಲ್ಲಾ ಬಿಟ್ಟು ಅಡಿಗೆಮನೆಗೆ ಬಂದು ಅವಳ ಎದುರು ಸ್ಟೂಲು ಎಳೆದುಕೊಂಡರು.

"ನನಗೆ ಅರ್ಥವೇ ಆಗುವುದಿಲ್ಲ ಹನುಮವ್ವ. ಅಂದು ನೀನೇ ಹಗ್ಗ ಕೇಳಿದ್ದು. ಈಗ ನೀನೇ ತಪ್ಪಿಸಿದ್ದು. ಆ ಮಗುವಿಗೆ ನ್ಯಾಯ ಬೇಡವಾ? ನನ್ನ ಮಗಳಿಗೆ ಹಾಗೆ ಆಗಿದ್ದರೆ ನಾನೇ ಹಗ್ಗ ಎಳೆಯುತ್ತಿದ್ದೆ ಮಾರಾಯ್ತಿ."

"ನಾನೂ ಹಂಗೇ ಅಂದಿದ್ದೆ ಸೇಠ್ರ," ಎಂದಳು ಹನುಮವ್ವ. "ಅವ ಸಾಯಾಕ ಕುಣ್ಯಾಕತ್ಯಾನ. ಬೇಕಂದದ್ದು ಅವಗ ಕೊಡೂದು ನ್ಯಾಯ ಏನ್ರಿ?"

ಸದಾನಂದ ಸ್ಟೂಲನ್ನು ಹಿಂದಕ್ಕೆ ಸರಿಸಿ ಎದ್ದರು. ಅವನಿಗೆ ಬೇಕೋ ಬೇಡವೋ ಎಂದು ಕೇಳಿ ಶಿಕ್ಷೆ ಕೊಡುತ್ತಾರಾ, ತಪ್ಪಿಗೆ ತಕ್ಕುದು ಯಾವುದೋ ಅದು ಶಿಕ್ಷೆ ಎಂದರು. ಅವರ ಮಾತಿನಲ್ಲೂ ಏನೋ ಇದೆ ಎಂದು ಅವಳಿಗೆ ಅನ್ನಿಸಿತು. ಈರುಳ್ಳಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಶಿವಕುಮಾರಿ ತನಗೆ ಕೇಳುವುದಿದೆ ಎಂದದ್ದನ್ನು ಮರೆತಿರಲಿಲ್ಲ. ಹನ್ನೆರಡನೆಯ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ, ಈಗ ಹೋಗೋಣ ಎಂದಳು. ಪುಣೆಯವರೆಗೂ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದಳು. ಮಗಳನ್ನು ಗಾಜಿನಾಚೆ ಕಂಡು ಈಶ್ವರ ಎದ್ದು ನಿಂತುಬಿಟ್ಟ. ಕೂರು ಎಂದು ಕಾವಲಿನವನು ಹೆಗಲು ಒತ್ತಬೇಕಾಯಿತು. ಶಿವಕುಮಾರಿ ಅಳಲಿಲ್ಲ, ಬೈಯಲಿಲ್ಲ. ಕೇಳಬೇಕಾದದ್ದನ್ನು ಹಿಂದಿಯಲ್ಲಿ ಕೇಳಿದಳು.  ನೆನಪಿಲ್ಲ, ಕುಡಿದಿದ್ದೆ ಎಂದ ಅವನು. ಅವಳು ಫೋನು ಕಿವಿಯಿಂದ ತೆಗೆಯಲಿಲ್ಲ. ನೆನಪಿದೆ ಎಂದು ನನಗೆ ಗೊತ್ತು ಎಂದಳು. ಹನುಮವ್ವ ಮೊಮ್ಮಗಳ ಕಿವಿಯ ಹತ್ತಿರ ತನ್ನ ಕಿವಿ ತಂದಿದ್ದಳು, ಹಾಗಾಗಿ ಅವಳಿಗೂ ಕೇಳಿಸಿತು.

"ಶಿವಿ ಬರೂ ಹೊತ್ತಾತು, ಬಾಗಿಲಾ ತೆಗಿ ಅಂದ್ಳು," ಎಂದ ಈಶ್ವರ. "ಎರಡ ಸಲ ಅಂದ್ಳು."

ಶಿವಕುಮಾರಿ ಫೋನನ್ನು ಮೆಲ್ಲಗೆ ಅದರ ಜಾಗದಲ್ಲಿ ಇಟ್ಟಳು. ಹೊರಗೆ ಬಂದು ಗೇಟಿನ ಪಕ್ಕದ ಗೋಡೆಗೆ ಕೈಕೊಟ್ಟು ಬಗ್ಗಿ ವಾಂತಿ ಮಾಡಿದಳು. ಹನುಮವ್ವ ಬೆನ್ನು ಸವರುತ್ತ, ಇದನ್ನು ಕೇಳಿಸುವುದಕ್ಕೇ ನಾನು ಅವನನ್ನು ಉಳಿಸಿದೆನೇ ಎಂದುಕೊಂಡಳು. ಅವನು ಗಲ್ಲಿಗೆ ಹೋಗಿದ್ದರೆ ಈ ಹುಡುಗಿ ತನಗೆ ಬೇಕಾದ ಹಾಗೆ ಏನೋ ಒಂದನ್ನು ಊಹಿಸಿಕೊಂಡು ಬದುಕುತ್ತಿದ್ದಳು. ತಾನು ಬರುವುದನ್ನು ನೆನೆಸಿಕೊಂಡೇ ತಾಯಿ ಸತ್ತಳು ಎಂಬುದನ್ನು ಈಗ ಸಾಯುವ ತನಕ ಹೊರಬೇಕು.

ತಿಂಗಳುಗಟ್ಟಲೆ ಹುಡುಗಿಗೆ ದೀಪ ಆರಿಸಿದರೆ ನಿದ್ದೆ ಬರುತ್ತಿರಲಿಲ್ಲ. ಬಾಗಿಲು ಬಡಿದ ಸದ್ದಾದರೆ ಬೆವರುತ್ತಿದ್ದಳು. ಆದರೆ ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಪಕ್ಕ ಬಂದು ಕೂತು, ಅಮ್ಮಿ ಸಣ್ಣವಳಿದ್ದಾಗ ಹೇಗಿದ್ದಳು ಎಂದು ಕೇಳಿದಳು. ಹನುಮವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಅವಳು ಹೇಳಿದಳು. ಹೇಳುವಾಗ ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದವನ ಹೆಸರೂ ಬಂತು. ಅದನ್ನು ಬಿಟ್ಟು ನಾಗರತ್ನಾಳ ಬಾಲ್ಯ ಹೇಳಲು ಬರುತ್ತಿರಲಿಲ್ಲ.

ಶಿವಕುಮಾರಿ ಈಗ ನರ್ಸಿಂಗ್ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿದ್ದಾಳೆ. ಆಮೇಲೆ ಅವಳು ಜೈಲಿಗೆ ಹೋಗಿಲ್ಲ, ಹೋಗುವುದೂ ಇಲ್ಲ. ಹನುಮವ್ವ ಮಾತ್ರ ಕಾಲಿಗೆ ಶಕ್ತಿ ಇದ್ದಾಗ ಒಬ್ಬಳೇ ಹೋಗುತ್ತಾಳೆ. ಒಮ್ಮೆ ಈಶ್ವರ ಜೈಲಿನ ಮಗ್ಗದ ನೂಲಿನಿಂದ ಕೊರಳಿಗೆ ಬಿಗಿದುಕೊಂಡಿದ್ದನಂತೆ, ಇಳಿಸಿದರಂತೆ. ಆ ಗುರುತು ಅವಳಿಗೆ ಗಾಜಿನ ಮೂಲಕ ಕಂಡಿತು.  ಕೆಲವು ಸಲ ಅವನು ಮುಲಾಖತ್ತಿಗೆ ಬರುವುದೇ ಇಲ್ಲ, ಅವಳು ಕಾದು ವಾಪಸಾಗುತ್ತಾಳೆ. ಬಂದರೆ ಇಬ್ಬರೂ ಹಲ್ಲುನೋವು, ಮಂಡಿನೋವು, ಮಳೆ ಎಂದು ಮಾತಾಡುತ್ತಾರೆ. ಮಾಡಿದ್ದು ಸರಿಯೋ ತಪ್ಪೋ ಎಂದು ಹನುಮವ್ವನಿಗೆ ಇಂದಿಗೂ ತಿಳಿದಿಲ್ಲ. ಕೆಲವು ದಿನ ಅವನು ಉಸಿರಾಡುತ್ತಿದ್ದಾನೆ ಎಂಬುದೇ ಮಗಳಿಗೆ ಮಾಡಿದ ದ್ರೋಹದ ಹಾಗೆ ಕಾಣುತ್ತದೆ. ಕೆಲವು ದಿನ, ಆ ಮಧ್ಯಾಹ್ನದ ಭಾರವನ್ನು ತನ್ನ ಜೊತೆ ಹೊರಲು ಇನ್ನೊಂದು ಹೆಗಲು ಎಲ್ಲೋ ಇದೆ ಎನ್ನಿಸುತ್ತದೆ.

ಕಳೆದ ಸಲ ಹೊತ್ತು ಮುಗಿಯಿತೆಂದು ಕಾವಲಿನವನು ಬಂದಾಗ ಈಶ್ವರ ಏಳದೆ ಕೂತಿದ್ದ. ಮುಂದಿನ ತಿಂಗಳು ಬರುತ್ತೀಯೇನು ಎಂದು ಕೇಳಿದ. ಹಾಗೆ ಅವನು ಕೇಳಿದ್ದು ಅದೇ ಮೊದಲು.

"ನೋಡ್ತೀನಿ," ಎಂದಳು ಹನುಮವ್ವ. ಫೋನು ಇಟ್ಟು, ಸೆರಗು ಸರಿಮಾಡಿಕೊಂಡು, ಮುಂಬಯಿ ಗಾಡಿಯ ಹೊತ್ತಾಯಿತೆಂದು ಹೊರಟಳು.